ಹಾರದ ಹಕ್ಕಿಗಳೆಲ್ಲ ಒಂದೇ ಕುಲದವೇ? ಗಂಡಸಿಯ ಎಮು ಎಬ್ಬಿಸಿದ ಪ್ರಶ್ನೆ

ಗಂಡಸಿ ಗೃಹಸ್ಥ

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಅರಸೀಕೆರೆಯಿಂದ ಗಂಡಸಿಗೆ ಬರುವ ದಾರಿಯಲ್ಲಿ ನಮ್ಮ ಪರಿಚಯದವರೊಬ್ಬರ ತೆಂಗಿನ ತೋಟವಿದ್ದು, ಅಲ್ಲಿ ತಂತಿ ಬೇಲಿಯೊಳಗೆ ಒಂದೇ ಒಂದು ಎಮು ಉಳಿದುಕೊಂಡಿದೆ. ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳನ್ನು ಕಳೆದ ವಾರ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಕ್ಕಿ ನೇರವಾಗಿ ಬೇಲಿಯ ಬಳಿಗೆ ಬಂದು ಅವಳ ಕೂದಲಿನ ಕ್ಲಿಪ್ಪನ್ನು ಕುಕ್ಕಿ ನೋಡಿತು. ಅವಳು ಹೆದರುವ ಬದಲು ‘ಇದರ ರೆಕ್ಕೆ ಎಲ್ಲಿ?’ ಎಂದು ಕೇಳಿದಳು. ತೋಟದವರು ಮೈಮೇಲಿನ ಪುಕ್ಕವನ್ನು ಬದಿಗೆ ಸರಿಸಿ ತೋರಿಸಿದಾಗ ಕಂಡದ್ದು ಗೇಣುದ್ದವೂ ಇರದ ಒಂದು ಮೊಂಡು ತುಂಡು ಮತ್ತು ಅದರ ತುದಿಯಲ್ಲಿ ಒಂದು ಪುಟ್ಟ ಉಗುರು.

ಮನೆಗೆ ಬಂದ ಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದಾಳೆ. ಹಾರದ ಹಕ್ಕಿಗಳು ಒಟ್ಟು ಎಷ್ಟು ಬಗೆ, ಅವೆಲ್ಲವೂ ಹಾರುವುದನ್ನು ಬಿಟ್ಟ ಒಂದೇ ಮೂಲ ಹಕ್ಕಿಯ ಸಂತತಿಯೇ, ನಮ್ಮ ದೇಶದಲ್ಲಿ ಅಂಥದ್ದು ಯಾವುದಾದರೂ ಇತ್ತೇ ಎಂಬುದು ಅವಳ ಮೂರು ಪ್ರಶ್ನೆಗಳು. ಬಲ್ಲವರು ದಯವಿಟ್ಟು ತಿಳಿಸಬೇಕು.

ಹಾಸನದ ಹಳೆಯ ಬಸ್

ಬಹಳ ಸುಲಭದ ಪ್ರಶ್ನೆ. ಉಷ್ಟ್ರಪಕ್ಷಿ, ಎಮು, ಕೀವಿ, ಪೆಂಗ್ವಿನ್, ಹೀಗೆ ನಾಲ್ಕು. ನಮ್ಮ ದೇಶದ್ದು ಬೇಕೆಂದರೆ ನವಿಲನ್ನೂ ಕೋಳಿಯನ್ನೂ ಸೇರಿಸಿಕೊಳ್ಳಿ, ಆರಾಗುತ್ತದೆ.

ಮೂಡಿಗೆರೆ ತೋಟದಾಳು

ನವಿಲು ಹಾರುವುದಿಲ್ಲ ಎಂದು ತಮಗೆ ಹೇಳಿದವರು ಯಾರು ಸ್ವಾಮಿ? ಒಂದು ಸಂಜೆ ನಮ್ಮ ತೋಟಕ್ಕೆ ಬನ್ನಿ. ಕತ್ತಲಾಗುವ ಹೊತ್ತಿಗೆ ಅಷ್ಟುದ್ದದ ಬಾಲವನ್ನು ಎಳೆದುಕೊಂಡೇ ಅದು ಸಿಲ್ವರ್ ಓಕ್ ಮರದ ನೆತ್ತಿಗೆ ಹಾರಿ ಕೂರುವುದನ್ನು ಕಣ್ಣಾರೆ ತೋರಿಸುತ್ತೇನೆ. ಕಾಡುಕೋಳಿಯಂತೂ ಕಾಲ ಬುಡದಿಂದ ಪಟಾರನೆ ಎದ್ದು ಹಳ್ಳದ ಆಚೆ ಬದಿಗೆ ಹಾರಿಹೋಗುತ್ತದೆ. ನಾಟಿ ಕೋಳಿ ರಾತ್ರಿ ಹಲಸಿನ ಮರ ಹತ್ತುವುದನ್ನು ನೋಡದವರು ಹಳ್ಳಿಯನ್ನೇ ನೋಡಿಲ್ಲ. ಹಾರಲಾರದ ಕೋಳಿ ಎಂದರೆ ಅಂಗಡಿಯ ಬ್ರಾಯ್ಲರ್ ಒಂದೇ. ಅದು ಮನುಷ್ಯ ಮಾಡಿಟ್ಟ ಭಾರವೇ ಹೊರತು ಪ್ರಕೃತಿ ಮಾಡಿದ್ದಲ್ಲ.

ಕಡೂರು ಮೇಷ್ಟ್ರು

ತೋಟದಾಳು ಅವರ ಮಾತು ಸರಿ. ಈಗ ಬದುಕಿರುವ ಹಾರದ ಹಕ್ಕಿಗಳೇ ಸುಮಾರು 60 ಪ್ರಭೇದಗಳಿವೆ. ಅವುಗಳಲ್ಲಿ 18ರಷ್ಟು ಪೆಂಗ್ವಿನ್‌ಗಳೇ ಆಗುತ್ತವೆ. ಎರಡು ಬಗೆಯ ಉಷ್ಟ್ರಪಕ್ಷಿ, ಎಮು, ಮೂರು ಬಗೆಯ ಕ್ಯಾಸೊವರಿ, ದಕ್ಷಿಣ ಅಮೆರಿಕದ ರಿಯಾ, ಐದು ಬಗೆಯ ಕೀವಿ ಇವು ದೊಡ್ಡ ಗುಂಪು. ಉಳಿದವು ಅಲ್ಲಲ್ಲಿ ಚದುರಿಕೊಂಡಿವೆ: ನ್ಯೂಜಿಲೆಂಡಿನ ಕಾಕಪೋ ಎಂಬ ಗಿಳಿ, ಗಲಾಪಗೋಸ್ ದ್ವೀಪಗಳ ನೀರುಕಾಗೆ, ಟಿಟಿಕಾಕಾ ಸರೋವರದ ಗುಳುಮುಳುಕ, ದಕ್ಷಿಣ ಅಮೆರಿಕದ ತುದಿಯ ಕೆಲವು ಬಾತುಗಳು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹುಂಡುಕೋಳಿಯ ಬಳಗಕ್ಕೆ ಸೇರಿದ ದ್ವೀಪವಾಸಿಗಳು. ಗಿಳಿಯೂ ನೀರುಕಾಗೆಯೂ ಬಾತೂ ಒಂದೇ ಕುಲ ಎಂದು ಯಾರೂ ಹೇಳಲಾರರು. ಆದ್ದರಿಂದ ಎರಡನೆಯ ಪ್ರಶ್ನೆಗೆ ‘ಅಲ್ಲ’ ಎಂಬುದೇ ಉತ್ತರ. ಹಾರುವುದನ್ನು ಬಿಡುವ ಘಟನೆ ಹಕ್ಕಿಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ, ಬೇರೆ ಬೇರೆ ಕಡೆ ನಡೆದಿದೆ.

ಬಾಣಾವರದ ಮಾಜಿ ಎಮು ಸಾಕಣೆದಾರ

ಗಂಡಸಿಯವರು ಹೇಳಿದ ಆ ಒಂಟಿ ಎಮುವಿನ ಕಥೆ ನನ್ನ ಕಥೆಯೂ ಹೌದಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ಸುಮಾರು ಹದಿನೈದು ವರ್ಷಗಳ ಹಿಂದೆ ಒಂದು ಕಂಪನಿಯವರು ಬಂದು, ಮರಿ ಕೊಡುತ್ತೇವೆ, ಮೊಟ್ಟೆಯನ್ನು ನಾವೇ ಕೊಳ್ಳುತ್ತೇವೆ, ಎಣ್ಣೆಗೂ ಮಾಂಸಕ್ಕೂ ಚರ್ಮಕ್ಕೂ ಬೇಡಿಕೆ ಇದೆ ಎಂದು ನಂಬಿಸಿದರು. ಕೊಬ್ಬರಿಯ ದುಡ್ಡನ್ನೆಲ್ಲ ಸುರಿದು ಆರು ಜೋಡಿ ತಂದೆ. ಎರಡು ವರ್ಷ ಕಳೆಯುವುದರೊಳಗೆ ಕಂಪನಿಯವರ ಫೋನು ಸ್ವಿಚ್ ಆಫ್ ಆಯಿತು, ಹಕ್ಕಿಗಳು ಮಾತ್ರ ತಿನ್ನುತ್ತಲೇ ಇದ್ದವು. ಆ ಸಂಕಟವನ್ನು ಇಲ್ಲಿ ಬಿಚ್ಚುವುದಿಲ್ಲ. ಆದರೆ ಆ ಎರಡು ವರ್ಷಗಳಲ್ಲಿ ನಾನು ಕಂಡದ್ದು ಮಗುವಿನ ಪ್ರದರ್ಶನಕ್ಕೆ ಉಪಯೋಗವಾದೀತು.

ಭಾನುವಾರ ಮನೆಗೆ ತಂದ ಕೋಳಿಯ ಎದೆಮೂಳೆಯನ್ನು ತೊಳೆದು ಕೈಯಲ್ಲಿ ಹಿಡಿದು ನೋಡಿ. ನಡುವೆ ದೋಣಿಯ ಅಡಿಯಂತೆ ಚೂಪಾಗಿ ಎದ್ದು ನಿಂತ ಒಂದು ಏಣು ಇರುತ್ತದೆ. ಅದರ ಎರಡೂ ಬದಿಗೆ ಅಂಟಿಕೊಂಡಿರುವುದೇ ರೆಕ್ಕೆ ಬಡಿಯುವ ಮಾಂಸ, ನಾವು ಎದೆ ಪೀಸು ಎನ್ನುವುದು ಅದನ್ನೇ. ನನ್ನ ಎಮುಗಳಲ್ಲಿ ಮೊದಲನೆಯದು ಸತ್ತಾಗ ಪಶುವೈದ್ಯರು ಕೊಯ್ದು ತೋರಿಸಿದ ಎದೆಮೂಳೆಯಲ್ಲಿ ಆ ಏಣಿನ ಸುಳಿವೇ ಇರಲಿಲ್ಲ, ಅನ್ನ ಬಡಿಸುವ ತಟ್ಟೆಯನ್ನು ಬೋರಲು ಹಾಕಿದಂತೆ ಬೋಳಾಗಿತ್ತು. ‘ಇದರಲ್ಲಿ ಎದೆ ಪೀಸೇ ಇಲ್ಲವಲ್ಲ ಗೌಡರೇ, ಇರುವುದೆಲ್ಲ ತೊಡೆ’ ಎಂದು ಅವರು ನಕ್ಕಿದ್ದು ಇಂದಿಗೂ ನೆನಪಿದೆ. ಗರಿಯನ್ನೂ ನೋಡಿ: ಎಮುವಿನ ಒಂದು ಬುಡದಿಂದ ಸಮ ಉದ್ದದ ಎರಡು ಗರಿಗಳು ಹೊರಡುತ್ತವೆ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಕೂದಲಿನಂತೆ ಜೋತುಬಿದ್ದಿರುತ್ತವೆ. ಗಾಳಿಯನ್ನು ತಡೆದು ತಳ್ಳುವ ಶಕ್ತಿ ಅಂಥ ಗರಿಗೆ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿ. ಒಂದು ಚಳಿಗಾಲ ನನ್ನ ಗಂಡು ಹಕ್ಕಿಯೊಂದು ಮೊಟ್ಟೆಗಳ ಮೇಲೆ ಕೂತದ್ದು ಏಳಲೇ ಇಲ್ಲ. ಕಾಳು ಇಟ್ಟರೂ ಮೂಸಲಿಲ್ಲ, ನೀರಿಗೂ ಬರಲಿಲ್ಲ. ರೋಗ ಬಂದಿದೆ ಎಂದು ಹೆದರಿ ಎರಡು ಬಾರಿ ವೈದ್ಯರನ್ನು ಕರೆಸಿ ಖರ್ಚು ಮಾಡಿಕೊಂಡೆ. ಎಮುಗಳಲ್ಲಿ ಕಾವು ಕೂರುವುದು ಗಂಡೇ ಎಂದೂ, ಸುಮಾರು ಎಂಟು ವಾರ ಹೆಚ್ಚುಕಡಿಮೆ ಉಪವಾಸವಿದ್ದು ಮೈಯ ಮೂರನೆಯ ಒಂದು ಪಾಲು ಕರಗಿಸಿಕೊಳ್ಳುತ್ತದೆಂದೂ ಆಮೇಲೆ ತಿಳಿಯಿತು. ಹೆಣ್ಣು ಆ ಹೊತ್ತಿಗೆ ಬೇಲಿಯ ಇನ್ನೊಂದು ಮೂಲೆಯಲ್ಲಿ ತಮಟೆ ಬಡಿದಂತೆ ಗಂಟಲೊಳಗೆ ಸದ್ದು ಮಾಡಿಕೊಂಡು ನೆಮ್ಮದಿಯಾಗಿ ಓಡಾಡುತ್ತಿತ್ತು.

ಬೇಲೂರು ಹುಡುಗಿ

ಕೊನೆಯ ಸಾಲನ್ನು ನಮ್ಮ ಮನೆಯ ಗಂಡಸರಿಗೆಲ್ಲ ಓದಿ ಹೇಳಿದ್ದೇನೆ ಗೌಡರೇ, ಧನ್ಯವಾದಗಳು.

ಸಕಲೇಶಪುರದ ಮಳೆ

ಮೇಷ್ಟ್ರೇ, ತಮ್ಮ ಉತ್ತರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗಿಳಿ, ಬಾತುಗಳ ಮಾತು ಬಿಡಿ. ಉಷ್ಟ್ರಪಕ್ಷಿ, ಎಮು, ರಿಯಾ, ಕೀವಿ, ಅಳಿದುಹೋದ ಮೋವಾ ಮತ್ತು ಆನೆಹಕ್ಕಿ ಇವೆಲ್ಲ ಒಂದೇ ಮೂಲದವು ಎಂದೇ ನಮಗೆ ಬಿ.ಎಸ್ಸಿ.ಯಲ್ಲಿ ಪಾಠವಾಗಿತ್ತು. ದಕ್ಷಿಣದ ಭೂಖಂಡಗಳೆಲ್ಲ ಒಟ್ಟಾಗಿ ಗೊಂಡ್ವಾನಾ ಎಂಬ ಒಂದೇ ನೆಲವಾಗಿದ್ದಾಗ ಆ ಮೂಲ ಹಕ್ಕಿ ಅಲ್ಲಿತ್ತು, ಹೋಳುಗಳು ಸರಿದಾಗ ಹಕ್ಕಿಗಳು ನೆಲದ ಜೊತೆಯಲ್ಲೇ ತೇಲಿಹೋದವು ಎಂದು ನಕಾಶೆ ಬರೆದು ಹತ್ತು ಅಂಕ ಪಡೆದವನು ನಾನು. ಏಣಿಲ್ಲದ ಎದೆಮೂಳೆ ಅವೆಲ್ಲಕ್ಕೂ ಇರುವುದೇ ಅದಕ್ಕೆ ಸಾಕ್ಷಿಯಲ್ಲವೇ?

ಕಡೂರು ಮೇಷ್ಟ್ರು

ಆ ಹತ್ತು ಅಂಕವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನೂ ಅದನ್ನೇ ಬಹಳ ವರ್ಷ ಪಾಠ ಮಾಡಿದವನು. ಆದರೆ ಹಳೆಯ ಮೂಳೆಗಳಿಂದ ಡಿ.ಎನ್.ಎ. ತೆಗೆಯುವುದು ಸಾಧ್ಯವಾದ ಮೇಲೆ ಆ ನಕಾಶೆ ನಿಲ್ಲಲಿಲ್ಲ. ಕೀವಿಯೂ ಮೋವಾವೂ ನ್ಯೂಜಿಲೆಂಡಿನವೇ ಆದ್ದರಿಂದ ಅವು ಅಕ್ಕತಂಗಿಯರಂತೆ ಇರಬೇಕಿತ್ತು. ಆದರೆ 2014ರಲ್ಲಿ ಪ್ರಕಟವಾದ ಅಧ್ಯಯನವು, ಕೀವಿಯ ಅತಿ ಹತ್ತಿರದ ಬಂಧು ಸಾವಿರಾರು ಮೈಲಿ ದೂರದ ಮಡಗಾಸ್ಕರಿನ ಆನೆಹಕ್ಕಿ ಎಂದು ತೋರಿಸಿತು. ಒಂದು ಕೋಳಿಗಾತ್ರದ್ದು, ಇನ್ನೊಂದು 500 ಕಿಲೋಗೂ ಹೆಚ್ಚು ತೂಗುತ್ತಿದ್ದದ್ದು. ಮೋವಾದ ಹತ್ತಿರದ ಬಂಧುವೋ ದಕ್ಷಿಣ ಅಮೆರಿಕದ ಟಿನಮೂ, ಅದು ಇಂದಿಗೂ ಹಾರುತ್ತದೆ! ಮೂಲ ಹಕ್ಕಿ ಆಗಲೇ ಹಾರುವುದನ್ನು ಬಿಟ್ಟಿದ್ದರೆ ಟಿನಮೂವಿಗೆ ರೆಕ್ಕೆಯ ಬಲ ಮರಳಿ ಬಂದದ್ದು ಹೇಗೆ ಎಂದು ಕೇಳಬೇಕಾಗುತ್ತದೆ. ಅದಕ್ಕಿಂತ ಸರಳವಾದ ವಿವರಣೆ ಎಂದರೆ, ಹಿರಿಯ ಹಕ್ಕಿಗಳು ಹಾರಿಕೊಂಡೇ ಬೇರೆ ಬೇರೆ ನೆಲ ಸೇರಿದವು ಮತ್ತು ಸೇರಿದಲ್ಲಿ ತಮ್ಮ ಪಾಡಿಗೆ ತಾವು ಹಾರುವುದನ್ನು ಬಿಟ್ಟವು. ಎದೆಮೂಳೆಯ ಏಣು ಬಳಸದಿದ್ದಾಗ ಸವೆದುಹೋಗುವ ಅಂಗ, ಎರಡು ಮನೆಗಳಲ್ಲಿ ಒಂದೇ ರೀತಿ ತುಕ್ಕು ಹಿಡಿದ ಬೀಗವಿದ್ದ ಮಾತ್ರಕ್ಕೆ ಅವರು ದಾಯಾದಿಗಳಾಗುವುದಿಲ್ಲ.

ಸಕಲೇಶಪುರದ ಮಳೆ

ತುಕ್ಕಿನ ಮಾತು ನಮ್ಮ ಮಳೆಯ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಒಪ್ಪಿದೆ. ಆದರೆ ಹಾರುವಂಥ ವಿದ್ಯೆಯನ್ನು ಯಾರಾದರೂ ಏಕೆ ಬಿಡಬೇಕು?

ಹೇಮಾವತಿ ದಂಡೆ

ಹಾರುವುದು ಬಹಳ ದುಬಾರಿಯಾದ್ದರಿಂದ. ಎದೆಯ ಮಾಂಸವನ್ನು ಬೆಳೆಸಲೂ ಉಳಿಸಿಕೊಳ್ಳಲೂ ಊಟ ಬೇಕು. ನರಿ, ಕಾಡುಬೆಕ್ಕು, ಮುಂಗುಸಿಗಳು ಇಲ್ಲದ ದ್ವೀಪದಲ್ಲಿ, ಮೇವು ನೆಲದಲ್ಲೇ ಸಿಗುವಾಗ ಆ ಖರ್ಚು ಹಾಕುವ ಹಕ್ಕಿಗಿಂತ ಹಾಕದ ಹಕ್ಕಿಗೆ ಲಾಭ ಹೆಚ್ಚು.

ಇದನ್ನು ಅರ್ಥ ಮಾಡಿಕೊಳ್ಳಲು ನ್ಯೂಜಿಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಗದ್ದೆಯ ಬದಿಯ ಕಾಲುವೆಯಲ್ಲಿ ದಿನವೂ ಕಾಣುವ ಹುಂಡುಕೋಳಿಯನ್ನು ಗಮನಿಸಿ. ಬಿಳಿ ಎದೆ, ಬಾಲದ ಅಡಿಯಲ್ಲಿ ಇಟ್ಟಿಗೆ ಬಣ್ಣ, ಹೆಜ್ಜೆಗೊಮ್ಮೆ ಬಾಲ ಕುಣಿಸುವ ಚಟ. ನೀವು ಹತ್ತಿರ ಹೋದರೆ ಅದು ಮೊದಲು ಮಾಡುವುದು ಹಾರುವುದನ್ನಲ್ಲ, ತಲೆ ತಗ್ಗಿಸಿ ಕೆಸುವಿನ ಗಿಡಗಳ ಸಂದಿಗೆ ಓಡುವುದನ್ನು. ತೀರಾ ಬೆನ್ನು ಹತ್ತಿದರೆ ಮಾತ್ರ ಕಾಲು ಜೋತುಬಿಟ್ಟುಕೊಂಡು ನಾಲ್ಕು ಮಾರು ಹಾರುತ್ತದೆ. ಹೀಗಿದ್ದರೂ ಈ ಬಳಗದ ಹಕ್ಕಿಗಳು ಬಿರುಗಾಳಿಗೆ ಸಿಕ್ಕು ನಡುಗಡಲ ದ್ವೀಪಗಳನ್ನು ಸೇರುವುದರಲ್ಲಿ ಎತ್ತಿದ ಕೈ. ಸೇರಿದ ಮೇಲೆ ಶತ್ರುಗಳಿಲ್ಲದಿದ್ದರೆ ಕೆಲವೇ ಸಾವಿರ ತಲೆಮಾರುಗಳಲ್ಲಿ ಆ ನಾಲ್ಕು ಮಾರನ್ನೂ ಬಿಟ್ಟುಬಿಡುತ್ತವೆ. ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದಲ್ಲಿ ಇದು ಎರಡು ಬಾರಿ ನಡೆದಿದೆ. ಸುಮಾರು 1,36,000 ವರ್ಷಗಳ ಹಿಂದೆ ಆ ದ್ವೀಪ ಸಮುದ್ರದಲ್ಲಿ ಪೂರ್ತಿ ಮುಳುಗಿ ಅಲ್ಲಿದ್ದ ಹಾರದ ಕೋಳಿ ನಾಶವಾಯಿತು. ನೀರು ಇಳಿದ ಮೇಲೆ ಅದೇ ಹಾರುವ ಮೂಲ ಹಕ್ಕಿ ಮತ್ತೆ ಬಂದು, ಅದೇ ದ್ವೀಪದಲ್ಲಿ ಮತ್ತೆ ಹಾರದ ಕೋಳಿಯಾಯಿತು. ಅದು ಇಂದಿಗೂ ಅಲ್ಲಿದೆ. ಈ ವಿಷಯ 2019ರಲ್ಲಿ ಪ್ರಕಟವಾದಾಗ ನಾನು ಎರಡು ಸಲ ಓದಿದೆ.

ಹಾಸನದ ಹಳೆಯ ಬಸ್

ಶತ್ರುಗಳಿಲ್ಲದ ದ್ವೀಪ ಎಂಬುದು ಸರಿ. ಹಾಗಾದರೆ ಸಿಂಹ, ಚಿರತೆಗಳು ತುಂಬಿದ ಆಫ್ರಿಕಾದಲ್ಲಿ ಉಷ್ಟ್ರಪಕ್ಷಿ ಏನು ಮಾಡುತ್ತಿದೆ? ನವಿಲಿನಲ್ಲಿ ನಾನು ಸೋತಿರಬಹುದು, ಇಲ್ಲಿ ಸೋಲುವುದಿಲ್ಲ.

ಕಡೂರು ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಈ ಬಾರಿ ಬಸ್ ಸರಿಯಾದ ನಿಲ್ದಾಣಕ್ಕೆ ಬಂದಿದೆ. ಉಷ್ಟ್ರಪಕ್ಷಿಗೆ ರೆಕ್ಕೆಯ ಬದಲು ಕಾಲಿದೆ. ಕೇವಲ ಎರಡು ಬೆರಳಿನ ಆ ಪಾದದಲ್ಲಿ ಅದು ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಓಡಬಲ್ಲದು, ಒದ್ದರೆ ಸಿಂಹಕ್ಕೂ ಅಪಾಯ. ಆದರೆ ಅಷ್ಟು ಬಲವಾದ ಕಾಲು ಬರುವ ಮೊದಲು ಅದರ ಪೂರ್ವಜರು ಹೇಗೆ ಉಳಿದರು ಎಂಬುದಕ್ಕೆ ವಿಜ್ಞಾನಿಗಳು ಮುಂದಿಡುವ ಒಂದು ವಾದವಿದೆ: 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದಾಗ ನೆಲ ಖಾಲಿಯಾಯಿತು, ಸಸ್ತನಿಗಳು ದೊಡ್ಡದಾಗಿ ಬೆಳೆಯುವುದಕ್ಕೆ ಇನ್ನೂ ಸಮಯವಿತ್ತು, ಆ ನಡುವಿನ ಬಿಡುವಿನಲ್ಲಿ ಕೆಲವು ಹಕ್ಕಿಗಳು ನೆಲಕ್ಕಿಳಿದು ಗಾತ್ರ ಬೆಳೆಸಿಕೊಂಡವು.

ಹಾರದ ಹಕ್ಕಿ ಎಂದರೆ ಬಡಪಾಯಿ ಎಂದು ತಿಳಿಯುವುದೂ ತಪ್ಪು. ದಕ್ಷಿಣ ಅಮೆರಿಕದಲ್ಲಿ ಕೋಟ್ಯಂತರ ವರ್ಷ ಮಾಂಸಾಹಾರಿ ಹಾರದ ಹಕ್ಕಿಗಳೇ ಬೇಟೆಗಾರರಾಗಿದ್ದವು. ಅರ್ಜೆಂಟೀನಾದಲ್ಲಿ ಸಿಕ್ಕ ಕೆಲೆಂಕೆನ್ ಎಂಬುದರ ತಲೆಬುರುಡೆಯೊಂದೇ 71 ಸೆಂ.ಮೀ. ಉದ್ದವಿದೆ. ಸ್ಕೇಲು ಹಿಡಿದು ಕಾಗದದ ಮೇಲೆ ಗೆರೆ ಎಳೆದು ನೋಡಿದರೆ ಮಗುವಿಗೆ ಅದರ ಭಯ ತಿಳಿಯುತ್ತದೆ.

ಮೂಡಿಗೆರೆ ತೋಟದಾಳು

ಭಾರವಾದ ಹಕ್ಕಿ ಹಾರಲಾರದು ಎನ್ನುವುದಾದರೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಾರುತ್ತದೆಯೇ? ನಮ್ಮ ಅಜ್ಜ ಬಯಲುಸೀಮೆಯಲ್ಲಿ ಅದನ್ನು ನೋಡಿದ್ದೆ ಎನ್ನುತ್ತಿದ್ದರು.

ಹೇಮಾವತಿ ದಂಡೆ

ಖಂಡಿತ ಹಾರುತ್ತದೆ. ಗಂಡು ಎರೆಭೂತ 15 ಕಿಲೋವರೆಗೆ ತೂಗುತ್ತದೆ, ಆದರೂ ಹಾರುತ್ತದೆ. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿರುವುದೇ ಅದರ ಇಂದಿನ ದುರಂತ. ಅದನ್ನು ಈ ಪಟ್ಟಿಗೆ ಸೇರಿಸಬೇಡಿ.

ಬೇಲೂರು ಹುಡುಗಿ

ಮಗುವಿನ ಮೂರನೆಯ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದೀರಿ. ಭಾರತದಲ್ಲಿ ಇಂದು ಸ್ವಂತದ್ದೆನ್ನುವ ಹಾರದ ಹಕ್ಕಿ ಒಂದೂ ಇಲ್ಲ. ಆದರೆ ಹಿಂದೆ ಉಷ್ಟ್ರಪಕ್ಷಿ ಇತ್ತು! ಮಹಾರಾಷ್ಟ್ರದ ಪಾಟ್ನೆ ಮೊದಲಾದ ಶಿಲಾಯುಗದ ನೆಲೆಗಳಲ್ಲಿ ಅದರ ಮೊಟ್ಟೆಯ ಚಿಪ್ಪುಗಳೂ, ಆ ಚಿಪ್ಪಿನಿಂದ ಮಾಡಿದ ಮಣಿಗಳೂ ಸಿಕ್ಕಿವೆ. 25,000 ವರ್ಷಗಳಿಗೂ ಹಳೆಯ ಚಿಪ್ಪುಗಳಿಂದ ಡಿ.ಎನ್.ಎ. ತೆಗೆದ ಹೈದರಾಬಾದಿನ ಸಿ.ಸಿ.ಎಂ.ಬಿ. ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ, ಅದು ಆಫ್ರಿಕಾದ ಉಷ್ಟ್ರಪಕ್ಷಿಗೆ ಹತ್ತಿರದ್ದೇ ಎಂದು ತೋರಿಸಿದರು. ಅಂದರೆ ನಮ್ಮ ದಖ್ಖನ್ನಿನ ಬಯಲಿನಲ್ಲಿ ಉಷ್ಟ್ರಪಕ್ಷಿಯ ಚಿಪ್ಪಿನ ಸರ ಹಾಕಿಕೊಂಡವರು ಓಡಾಡಿದ್ದಾರೆ.

ಡೋಡೋವಿಗೂ ನಮಗೂ ನಂಟಿದೆ. ಮಾರಿಷಸ್ಸಿನ ಡೋಡೋಗಳಲ್ಲಿ ಕೆಲವನ್ನು ಹಡಗಿನಲ್ಲಿ ಸೂರತ್ತಿಗೆ ತಂದಿದ್ದರು, ಪೀಟರ್ ಮಂಡಿ ಎಂಬ ಪ್ರವಾಸಿ ಅಲ್ಲಿ ಎರಡನ್ನು ನೋಡಿದುದಾಗಿ ಬರೆದಿದ್ದಾನೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನದೆಂದು ಹೇಳಲಾಗುವ, ಸುಮಾರು 1625ರ ಡೋಡೋ ಚಿತ್ರ ಈಗ ರಷ್ಯಾದ ಹರ್ಮಿಟಾಜ್ ಸಂಗ್ರಹಾಲಯದಲ್ಲಿದೆ. ಯುರೋಪಿನವರ ಚಿತ್ರಗಳಲ್ಲಿ ಡೋಡೋ ಉಬ್ಬಿದ ಮೂಟೆಯಂತಿದ್ದರೆ, ಇದರಲ್ಲಿ ಅದು ಬಾತು, ಗೌಜಲಗಳ ನಡುವೆ ಕಂದು ಮೈಯ ಒಂದು ಸಾಮಾನ್ಯ ಹಕ್ಕಿಯಾಗಿ ನಿಂತಿದೆ. ಮುಖ್ಯವಾದ ಮಾತೆಂದರೆ ಡೋಡೋ ಕೋಳಿಯಲ್ಲ, ಪಾರಿವಾಳ. ಬದುಕಿರುವ ಹಕ್ಕಿಗಳಲ್ಲಿ ಅದರ ಅತಿ ಹತ್ತಿರದ ಬಂಧು ನಮ್ಮ ನಿಕೋಬಾರ್ ಪಾರಿವಾಳ.

ಸಕಲೇಶಪುರದ ಮಳೆ

ಡೋಡೋ ಅಳಿದದ್ದು ಅದರ ಪೆದ್ದುತನದಿಂದ ಎಂದು ಕೇಳಿದ್ದೆ. ನಾವಿಕರು ಹೊಡೆಯಲು ಬಂದರೂ ಸುಮ್ಮನೆ ನಿಂತಿರುತ್ತಿತ್ತಂತೆ.

ಬೇಲೂರು ಹುಡುಗಿ

ಪೆದ್ದುತನವಲ್ಲ, ಅನುಭವವಿಲ್ಲದಿರುವಿಕೆ. ಲಕ್ಷಾಂತರ ವರ್ಷ ಬೆನ್ನಟ್ಟುವವರೇ ಇಲ್ಲದ ನೆಲದಲ್ಲಿ ಬೆಳೆದ ಹಕ್ಕಿಗೆ ಓಡಬೇಕೆಂದು ತಿಳಿಯುವುದು ಹೇಗೆ? ಡಚ್ಚರು ಅಲ್ಲಿ ಇಳಿದದ್ದು 1598ರಲ್ಲಿ, ಡೋಡೋವನ್ನು ಕಂಡ ಕೊನೆಯ ನಂಬಲರ್ಹ ದಾಖಲೆ 1662ರದ್ದು. ನಾವಿಕರ ದೊಣ್ಣೆಗಿಂತ ಹೆಚ್ಚಿನ ಹಾನಿ ಮಾಡಿದ್ದು ಹಡಗಿನಿಂದ ಇಳಿದ ಇಲಿ, ಹಂದಿ, ಕೋತಿಗಳು. ನೆಲದ ಮೇಲೆ ಇಟ್ಟ ಒಂಟಿ ಮೊಟ್ಟೆ ಅವಕ್ಕೆ ಬಡಿಸಿಟ್ಟ ಎಲೆಯಂತಿತ್ತು.

ಬಾಣಾವರದ ಮಾಜಿ ಎಮು ಸಾಕಣೆದಾರ

ಅದರ ಸತ್ಯ ನನಗೆ ಗೊತ್ತು. ನನ್ನ ಹನ್ನೆರಡು ಹಕ್ಕಿಗಳಲ್ಲಿ ಐದು ಹೋದದ್ದು ಒಂದೇ ರಾತ್ರಿ, ಬೇಲಿಯ ಅಡಿಯಲ್ಲಿ ಮಣ್ಣು ಕೆದರಿ ನುಗ್ಗಿದ ಬೀದಿನಾಯಿಗಳಿಂದ. ಅಷ್ಟು ವೇಗದ ಪ್ರಾಣಿ ಬೇಲಿಯ ಮೂಲೆಗೆ ಸಿಕ್ಕಿಕೊಂಡರೆ ಏನೂ ಮಾಡಲಾರದು.

ಹೇಮಾವತಿ ದಂಡೆ

ಓದಿ ಬೇಸರವಾಯಿತು ಗೌಡರೇ. ನ್ಯೂಜಿಲೆಂಡಿನ ಕಥೆಯೂ ಇದೇ. ಒಂಬತ್ತು ಪ್ರಭೇದದ ಮೋವಾಗಳಿದ್ದವು. ಎಮುವಿಗೆ ಆ ಮೊಂಡು ತುಂಡಾದರೂ ಇದೆ, ಮೋವಾಗಳಿಗೆ ರೆಕ್ಕೆಯ ಮೂಳೆಯೇ ಇರಲಿಲ್ಲ. ದೊಡ್ಡ ಜಾತಿಯ ಹೆಣ್ಣು ಕತ್ತು ಚಾಚಿದರೆ 3.6 ಮೀಟರ್ ಎತ್ತರ ತಲುಪುತ್ತಿತ್ತು. ಹಾಸ್ಟ್ ಹದ್ದು ಒಂದನ್ನು ಬಿಟ್ಟರೆ ಅವಕ್ಕೆ ಬೇರೆ ಶತ್ರುವಿರಲಿಲ್ಲ. ಮಾವೊರಿ ಜನ ಬಂದು ನೆಲೆಸಿದ ಒಂದೆರಡು ಶತಮಾನಗಳಲ್ಲೇ ಅವು ಮುಗಿದುಹೋದವು, ಅವನ್ನು ನಂಬಿದ್ದ ಹದ್ದೂ ಹೋಯಿತು. ಕಾಕಪೋ ಗಿಳಿಯದು ಇನ್ನೊಂದು ಬಗೆಯ ಕಷ್ಟ: ಅಪಾಯ ಬಂದಾಗ ಅಲುಗಾಡದೆ ನಿಲ್ಲುವುದು ಅದರ ಉಪಾಯ. ಆಕಾಶದಿಂದ ಕಣ್ಣಿನಲ್ಲಿ ಹುಡುಕುವ ಹದ್ದಿಗೆ ಆ ಉಪಾಯ ಸಾಕಾಗಿತ್ತು, ಮೂಗಿನಿಂದ ಹುಡುಕುವ ಬೆಕ್ಕಿಗೆ ಸಾಕಾಗಲಿಲ್ಲ. 1995ರಲ್ಲಿ ಉಳಿದಿದ್ದದ್ದು ಬರೀ 51. ಬೆಕ್ಕು, ಇಲಿಗಳನ್ನು ತೆರವು ಮಾಡಿದ ದ್ವೀಪಗಳಿಗೆ ಸಾಗಿಸಿ, ಒಂದೊಂದಕ್ಕೂ ಹೆಸರಿಟ್ಟು ಕಾದ ಫಲವಾಗಿ 2022ರಲ್ಲಿ 250 ದಾಟಿದವು.

ನಮ್ಮ ಕೆರೆಗಳ ಜೊಂಡಿನಲ್ಲಿ ಕಾಣುವ ಕೆಂಪು ಕೊಕ್ಕಿನ ನೇರಳೆ ಜಂಬುಕೋಳಿ ಗೊತ್ತಲ್ಲ, ಅದನ್ನೇ ದಪ್ಪಗೆ ಮಾಡಿದಂತಿರುವ ತಾಕಾಹೆ ಎಂಬ ಹಾರದ ಹಕ್ಕಿ ಅಲ್ಲಿದೆ. 1898ರ ನಂತರ ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 1948ರಲ್ಲಿ ಜೆಫ್ರಿ ಆರ್ಬೆಲ್ ಎಂಬ ವೈದ್ಯರಿಗೆ ಪರ್ವತಗಳ ನಡುವಿನ ಹುಲ್ಲುಗಾವಲಿನಲ್ಲಿ ಮತ್ತೆ ಸಿಕ್ಕಿತು.

ಹಾಸನದ ಹಳೆಯ ಬಸ್

ಪೆಂಗ್ವಿನ್ ವಿಷಯ ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ಅದು ಹಾರುತ್ತದೆ, ನೀರಿನೊಳಗೆ ಹಾರುತ್ತದೆ.

ಕಡೂರು ಮೇಷ್ಟ್ರು

ಒಪ್ಪುವ ಮಾತು. ಪೆಂಗ್ವಿನ್ನಿನ ಎದೆಮೂಳೆಯಲ್ಲಿ ಕೋಳಿಗಿರುವಂತೆಯೇ ಗಟ್ಟಿ ಏಣಿದೆ, ಏಕೆಂದರೆ ಅದು ರೆಕ್ಕೆ ಬಡಿಯುವುದನ್ನು ಬಿಡಲೇ ಇಲ್ಲ. ಗಾಳಿಯನ್ನು ಬಿಟ್ಟು ಗಾಳಿಗಿಂತ ನೂರಾರು ಪಟ್ಟು ದಟ್ಟವಾದ ನೀರನ್ನು ಆರಿಸಿಕೊಂಡಿತು, ಅಷ್ಟೆ. ಮುಳುಗಲು ಅನುಕೂಲವಾಗುವಂತೆ ಮೂಳೆಗಳೂ ಟೊಳ್ಳಾಗಿರದೆ ತೂಕವಾಗಿವೆ. ಚಕ್ರವರ್ತಿ ಪೆಂಗ್ವಿನ್ 500 ಮೀಟರಿಗೂ ಆಳಕ್ಕೆ ಇಳಿದದ್ದು ದಾಖಲಾಗಿದೆ. ಪೆಂಗ್ವಿನ್ ಎಂಬ ಹೆಸರು ಮೊದಲು ಸೇರಿದ್ದು ಇವಕ್ಕಲ್ಲ, ಉತ್ತರ ಅಟ್ಲಾಂಟಿಕ್ಕಿನ ಗ್ರೇಟ್ ಆಕ್ ಎಂಬ ಹಾರದ ಹಕ್ಕಿಗೆ. ದಕ್ಷಿಣಕ್ಕೆ ಹೋದ ನಾವಿಕರು ಅದೇ ರೂಪದ ಹಕ್ಕಿಗಳನ್ನು ಕಂಡು ಅದೇ ಹೆಸರಿನಿಂದ ಕರೆದರು. ಹೆಸರಿನ ಒಡೆಯನ ಕೊನೆಯ ಜೋಡಿಯನ್ನು 1844ರ ಜೂನ್‌ನಲ್ಲಿ ಐಸ್‌ಲ್ಯಾಂಡಿನ ಎಲ್ಡೇ ಬಂಡೆಯ ಮೇಲೆ ಕೊಂದರು.

ಮೂಡಿಗೆರೆ ತೋಟದಾಳು

ಆಸ್ಟ್ರೇಲಿಯಾದವರು ಎಮುಗಳ ಮೇಲೆ ಯುದ್ಧ ಮಾಡಿ ಸೋತರು ಎನ್ನುವುದು ನಿಜವೇ, ಇಲ್ಲವೇ ವಾಟ್ಸ್ಆ್ಯಪ್ ಕಥೆಯೇ?

ಬಾಣಾವರದ ಮಾಜಿ ಎಮು ಸಾಕಣೆದಾರ

ನಿಜ. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿ ಹೊಲಗಳಿಗೆ ನುಗ್ಗಿದ ಎಮುಗಳನ್ನು ಹೊಡೆಯಲು ಮೆಷಿನ್ ಗನ್ ಸಮೇತ ಸೈನಿಕರನ್ನು ಕಳಿಸಿದ್ದರು. ಹಿಂಡು ಚದುರಿ ಓಡಿದ್ದರಿಂದ ಗುಂಡು ಖರ್ಚಾಯಿತೇ ಹೊರತು ಕೆಲಸವಾಗಲಿಲ್ಲ. ಎಮುವನ್ನು ನಂಬಿ ಸೋತವರಲ್ಲಿ ನಾನು ಮೊದಲಿಗನಲ್ಲ ಎಂಬುದು ನನಗೊಂದು ಸಮಾಧಾನ.

ಗಂಡಸಿ ಗೃಹಸ್ಥ

ಎಲ್ಲರಿಗೂ ಅನಂತ ಧನ್ಯವಾದಗಳು. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಕೀವಿಯ ಮೊಟ್ಟೆ ತಾಯಿಯ ತೂಕದ ಸುಮಾರು ಐದನೆಯ ಒಂದು ಪಾಲು ಇರುತ್ತದೆಂದು ಅವಳು ಎಲ್ಲಿಯೋ ಓದಿ ಅಮ್ಮನ ತೂಕಕ್ಕೆ ಲೆಕ್ಕ ಹಾಕಿ, 12 ಕಿಲೋದ ಮಗು ಎಂದು ಹೇಳಿ ಅಡುಗೆಮನೆಯಲ್ಲಿ ಬೈಸಿಕೊಂಡಿದ್ದಾಳೆ. ಪ್ರದರ್ಶನಕ್ಕೆ ಎರಡು ಎದೆಮೂಳೆಗಳನ್ನು ಅಕ್ಕಪಕ್ಕ ಇಡಬೇಕೆಂಬುದು ಅವಳ ಆಸೆ. ಕೋಳಿಯದು ಭಾನುವಾರ ಸಿಗುತ್ತದೆ. ಬಾಣಾವರದ ಗೌಡರೇ, ತಮ್ಮ ಆ ಎಮುವಿನ ಎದೆಮೂಳೆ ಏನಾಯಿತು?

ಬಾಣಾವರದ ಮಾಜಿ ಎಮು ಸಾಕಣೆದಾರ

ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಏಕೆ ಇಟ್ಟುಕೊಂಡೆನೋ ನನಗೇ ತಿಳಿಯದು. ಹಸಿರುಗಪ್ಪು ಬಣ್ಣದ ಎರಡು ಖಾಲಿ ಮೊಟ್ಟೆಗಳೂ ಇವೆ. ಶನಿವಾರ ಮಧ್ಯಾಹ್ನದ ಮೇಲೆ ಮಗಳನ್ನು ಕರೆದುಕೊಂಡು ಬನ್ನಿ. ಮೊಟ್ಟೆಯನ್ನು ಮಾತ್ರ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಬ್ಯಾಗಿನೊಳಗೆ ಹಾಕಬಾರದು.